ಫೋರ್ಕ್ ಮೀಮಾಂಸೆ

ಮನುಷ್ಯನಿಗೆ ಬರುವ ದುಃಖಗಳನ್ನೆಲ್ಲ ನಮ್ಮ ಹಿರಿಯರು ತಾಪತ್ರಯವೆಂದು ಮೂರು ರಾಶಿ ಮಾಡಿಟ್ಟಿದ್ದಾರೆ. ಮೋಟಾರ್‌ಸೈಕಲ್ಲಿನ ಮುಂದಿನ ಫೋರ್ಕ್ ಮುರಿಯುವುದಕ್ಕೂ ಈ ಮೂರು ರಾಶಿ ಧಾರಾಳವಾಗಿ ಸಾಕು. ಮೊದಲನೆಯದು ಆಧ್ಯಾತ್ಮಿಕ, ಅಂದರೆ ಫೋರ್ಕಿನ ಒಳಗಿನಿಂದಲೇ ಹುಟ್ಟುವಂಥದು: ತುಕ್ಕು, ಹಳೆಯ ಬಿರುಕು, ಹಿಂದಿನ ಮಾಲೀಕ ಪೇಂಟ್ ಹೊಡೆಸಿ ಮುಚ್ಚಿಟ್ಟ ಆಕ್ಸಿಡೆಂಟು. ಎರಡನೆಯದು ಆಧಿಭೌತಿಕ, ಇತರ ಜೀವಿಗಳಿಂದ ಬರುವಂಥದು: ದಾಟಲೋ ಬೇಡವೋ ಎಂದು ನಡುರಸ್ತೆಯಲ್ಲಿ ನಿಂತು ಆಲೋಚಿಸುವ ಎಮ್ಮೆ, ಎಡಕ್ಕೆ ಇಂಡಿಕೇಟರ್ ಹಾಕಿ ಬಲಕ್ಕೆ ತಿರುಗುವ ಆಟೊ. ಮೂರನೆಯದು ಆಧಿದೈವಿಕ: ಮಳೆನೀರು ತುಂಬಿಕೊಂಡು ಸಮತಟ್ಟಾಗಿ ಕಾಣುವ ಗುಂಡಿ, ನಿನ್ನೆ ಇಲ್ಲದೆ ಇಂದು ಬೆಳಗ್ಗೆ ಉದ್ಭವಿಸಿದ ಹಂಪು. ರಸ್ತೆ ಗುತ್ತಿಗೆದಾರನನ್ನು ಎರಡನೆಯ ರಾಶಿಗೆ ಹಾಕಬೇಕೋ ಮೂರನೆಯದಕ್ಕೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅವನನ್ನು ಕಣ್ಣಾರೆ ಕಂಡವರು ಸಿಗದಿರುವುದರಿಂದ ನನ್ನ ಮತ ಮೂರನೆಯದಕ್ಕೆ.

ಇನ್ನು ಫೋರ್ಕುಗಳ ಜಾತಿನಿರ್ಣಯ. ಪಾದ ಎಣಿಸಿದರೆ ಕೆಲಸ ಬೇಗ ಮುಗಿಯುತ್ತದೆ. ಏಕಪಾದ ವರ್ಗಕ್ಕೆ ವೆಸ್ಪಾ ಮೂಲಪುರುಷ. 1946ರಲ್ಲಿ ಅದನ್ನು ರೂಪಿಸಿದ ಕೊರಾದಿನೊ ದಾಸ್ಕಾನಿಯೊ ವಿಮಾನಗಳ ಎಂಜಿನಿಯರ್; ವಿಮಾನ ಇಳಿಯುವ ಗಾಲಿಯ ಹಾಗೆ ಸ್ಕೂಟರಿಗೂ ಒಂದೇ ಕಾಲು ಸಾಕೆಂದ. ಚೇತಕ್ ಸ್ಕೂಟರಿನ ಮೂಲಕ ಈ ವರ್ಗ ನಮ್ಮ ಅಂಗಳಕ್ಕೂ ಬಂತು. ದ್ವಿಪಾದ ವರ್ಗ ಇಂದು ಎಲ್ಲೆಲ್ಲೂ ಕಾಣುವ ಟೆಲಿಸ್ಕೋಪಿಕ್ ಫೋರ್ಕ್. ಡೆನ್ಮಾರ್ಕಿನ ನಿಂಬಸ್ ಇದನ್ನು 1934ರಲ್ಲಿ ತೊಟ್ಟಿತು; ಮರುವರ್ಷ ಬಿಎಂಡಬ್ಲ್ಯೂ ತನ್ನ ಆರ್12 ಮತ್ತು ಆರ್17ರಲ್ಲಿ ಒಳಗೆ ಎಣ್ಣೆ ತುಂಬಿ ಕುಣಿತ ತಗ್ಗಿಸಿತು. ತ್ರಿಕೋನ ವರ್ಗ ಇಂಗ್ಲೆಂಡಿನ ಅರ್ನಿ ಅರ್ಲ್ಸ್ ಹೆಸರಿನದು. 1955ರಿಂದ 1969ರವರೆಗೆ ಬಿಎಂಡಬ್ಲ್ಯೂ ಅದನ್ನೇ ನೆಚ್ಚಿಕೊಂಡಿತ್ತು, ಸೈಡ್‌ಕಾರ್ ಕಟ್ಟುವವರು ಇವತ್ತಿಗೂ ಅದನ್ನು ನೆನೆಯುತ್ತಾರೆ. ಮೈಸೂರಿನ ಯಾದವಗಿರಿಯಲ್ಲಿ ಹುಟ್ಟಿದ ಜಾವಾ, ಯೆಜ್ಡಿಗಳೂ ಮದ್ರಾಸಿನ ಬುಲೆಟ್ಟೂ ದ್ವಿಪಾದಿಗಳು. ಹಾಗಾಗಿ ಮುಂದಿನ ಚರ್ಚೆಯೆಲ್ಲ ಎರಡು ಕಾಲಿನವರ ಬಗ್ಗೆ.

ಮುರಿಯುವ ಸ್ಥಾನದ ವಿಚಾರದಲ್ಲಿ ಮಾತ್ರ ಶಾಸ್ತ್ರಕ್ಕೂ ಗ್ಯಾರೇಜಿಗೂ ಭಿನ್ನಾಭಿಪ್ರಾಯವಿಲ್ಲ. ಎರಡು ಪೈಪುಗಳನ್ನು ಮೇಲೊಂದು, ಕೆಳಗೊಂದು ಟೀ ಎಂಬ ಅಡ್ಡ ಹಿಡಿಕೆ ಹಿಡಿದುಕೊಂಡಿರುತ್ತದೆ. ಕೆಳಗಿನ ಟೀಯಿಂದ ಗಾಲಿಯ ಆಕ್ಸಲ್‌ವರೆಗೆ ಸುಮಾರು ಅರ್ಧ ಮೀಟರ್ ಉದ್ದದ ಪೈಪು ಆಸರೆಯಿಲ್ಲದೆ ಚಾಚಿಕೊಂಡಿದೆ. ಕೆಳಗೆ ಬಿದ್ದ ಏಟೆಲ್ಲ ಈ ಅರ್ಧ ಮೀಟರನ್ನು ಮೀಟುಗೋಲು ಮಾಡಿಕೊಂಡು ಟೀಯ ಬಾಯಂಚಿನಲ್ಲಿ ಬಂದು ಕೂರುತ್ತದೆ. ಬಾಗಿದರೂ ಅಲ್ಲೇ, ಬಿರುಕು ಬಿಟ್ಟರೂ ಅಲ್ಲೇ.

ಏಟು ಒಂದೇ ದಿಕ್ಕಿನಿಂದ ಬಂದಿದ್ದರೆ ಪೈಪು ಹೇಗೋ ಬಾಳಿಕೊಳ್ಳುತ್ತಿತ್ತು. ಫೋರ್ಕ್ ನೆಟ್ಟಗೆ ನಿಂತಿರುವುದಿಲ್ಲವಲ್ಲ, ಸುಮಾರು 26 ಡಿಗ್ರಿ ಓರೆಯಾಗಿರುತ್ತದೆ. ಸವಾರನೂ ಸಾಮಾನೂ ಸೇರಿ 250 ಕೆ.ಜಿ. ತೂಗುವ ಗಾಡಿಯಲ್ಲಿ ಮುಂದಿನ ಗಾಲಿಗೆ 110 ಕೆ.ಜಿ. ಬಂತೆನ್ನಿ. ಓರೆಯ ದೆಸೆಯಿಂದ ಅದರಲ್ಲಿ 48 ಕೆ.ಜಿ.ಯಷ್ಟು ಬಲ, ಗಾಡಿ ಸುಮ್ಮನೆ ನಿಂತಿದ್ದಾಗಲೂ, ಫೋರ್ಕನ್ನು ಮುಂದಕ್ಕೆ ಬಗ್ಗಿಸುತ್ತಿರುತ್ತದೆ. ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದಿರೋ, ಭಾರವೆಲ್ಲ ಮುಂದಕ್ಕೆ ಸರಿದು ರಸ್ತೆ ಗಾಲಿಯನ್ನು ಹಿಂದಕ್ಕೆ ಎಳೆಯುತ್ತದೆ. ಈಗ ಅದೇ ಫೋರ್ಕ್ 70–80 ಕೆ.ಜಿ. ಬಲದಲ್ಲಿ ಹಿಂದಕ್ಕೆ ಬಾಗುತ್ತದೆ. ಬ್ರೇಕ್ ಬಿಟ್ಟರೆ ಮತ್ತೆ ಮುಂದಕ್ಕೆ. ಸೆಂಟ್ರಿಂಗ್ ಕೆಲಸದವನು ಬೈಂಡಿಂಗ್ ವೈರನ್ನು ಅತ್ತ ಇತ್ತ ಬಗ್ಗಿಸಿ ಕೈಯಲ್ಲೇ ತುಂಡುಮಾಡುತ್ತಾನಲ್ಲ, ನಾವು ಪ್ರತಿ ಸಿಗ್ನಲ್ಲಿನಲ್ಲೂ ಫೋರ್ಕಿಗೆ ಮಾಡುವುದು ಅದನ್ನೇ, ಅವನಿಗಿಂತ ತುಂಬ ನಿಧಾನವಾಗಿ.

ಇದಕ್ಕೆ ಲೋಹದ ದಣಿವು ಎನ್ನುತ್ತಾರೆ. 1842ರ ಮೇ ತಿಂಗಳಲ್ಲಿ ವರ್ಸೇಲ್ಸ್‌ನಿಂದ ಪ್ಯಾರಿಸಿಗೆ ಹೊರಟ ರೈಲಿನ ಎಂಜಿನ್ನಿನ ಆಕ್ಸಲ್ ತುಂಡಾಗಿ ಐವತ್ತಕ್ಕೂ ಹೆಚ್ಚು ಜನ ಸತ್ತರು. ಗಟ್ಟಿಮುಟ್ಟಾದ ಕಬ್ಬಿಣ ಹೀಗೇಕೆ ಕೈಕೊಡುತ್ತದೆಂಬ ಚಿಂತೆ ಯುರೋಪಿನಲ್ಲಿ ಆಗ ಜೋರಾಯಿತು. ಮುಂದೆ ಜರ್ಮನಿಯ ಆಗಸ್ಟ್ ವೋಲರ್ ರೈಲಿನ ಆಕ್ಸಲ್‌ಗಳನ್ನು ವರ್ಷಗಟ್ಟಲೆ ತಿರುಗಿಸಿ ತಿರುಗಿಸಿ ಮುರಿದು ನೋಡಿ, ಒಮ್ಮೆಗೆ ಮುರಿಯಲು ಬೇಕಾದ ಭಾರಕ್ಕಿಂತ ಎಷ್ಟೋ ಕಡಿಮೆ ಭಾರ ಮತ್ತೆ ಮತ್ತೆ ಬಿದ್ದರೂ ಉಕ್ಕು ಮುರಿಯುತ್ತದೆಂದು ತೋರಿಸಿದ. ಗಂಡಹೆಂಡಿರ ಜಗಳದ ಬಗ್ಗೆ ಇದು ನಮಗೆ ಮೊದಲೇ ಗೊತ್ತಿತ್ತು. ಉಕ್ಕಿನ ಬಗ್ಗೆ ವೋಲರನೇ ಬೇಕಾಯಿತು.

ಮುರಿದ ಪೈಪಿನ ಬಾಯಿಯನ್ನು ಬಿಸಿಲಿಗೆ ಹಿಡಿದು ನೋಡಿದರೆ ಅದರ ಜಾತಕ ಕಾಣುತ್ತದೆ. ಒಂದು ಪಾಲು ನುಣುಪಾಗಿ, ಕಂದಾಗಿ, ತುಕ್ಕು ಕುಡಿದಿರುತ್ತದೆ. ಅದರೊಳಗೆ ಒಂದು ಮೂಲೆಯಿಂದ ಹೊರಟ ಕಮಾನಿನಾಕಾರದ ಸಣ್ಣ ಗೆರೆಗಳು. ಉಳಿದ ಪಾಲು ಹರಳುಹರಳಾಗಿ ಫಳಫಳ ಹೊಳೆಯುತ್ತದೆ. ಹೊಳೆಯುವ ಭಾಗ ಮಾತ್ರ ಇವತ್ತು ಮುರಿದದ್ದು. ಕಂದು ಭಾಗ ಎಷ್ಟೋ ತಿಂಗಳ ಹಿಂದೆಯೇ ಬಿಟ್ಟುಹೋಗಿತ್ತು, ಸವಾರ ಅಷ್ಟು ದಿನವೂ ಉಳಿದರ್ಧದ ಮೇಲೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಜಾತ್ರೆಗೆ ಹೋಗಿಬಂದಿದ್ದಾನೆ. ಆದ್ದರಿಂದ ‘ಗುಂಡಿಯಿಂದ ಮುರೀತು’ ಎಂಬ ಹೇಳಿಕೆಯನ್ನು ಪೂರ್ವಪಕ್ಷವೆಂದು ಮಾತ್ರ ಸ್ವೀಕರಿಸತಕ್ಕದ್ದು.

ಆ ಬಿರುಕನ್ನು ಮುಂಚೆಯೇ ಕಾಣಲು ದೊಡ್ಡ ಯಂತ್ರವೇನೂ ಬೇಡ. ಟೀ ಬಿಚ್ಚಿ ಪೈಪನ್ನು ಚೆನ್ನಾಗಿ ಉಜ್ಜಿ, ಅನುಮಾನವಿರುವ ಕಡೆ ಸೀಮೆಎಣ್ಣೆ ಸವರಿ ಹತ್ತು ನಿಮಿಷ ಬಿಡಬೇಕು. ಆಮೇಲೆ ಬಟ್ಟೆಯಿಂದ ಪೂರ್ತಿ ಒರೆಸಿ, ಸೀಮೆಸುಣ್ಣದ ಪುಡಿ ತೆಳ್ಳಗೆ ಉದುರಿಸಿ ಕಾಯಬೇಕು. ಬಿರುಕಿದ್ದರೆ ಅದರೊಳಗೆ ಇಳಿದ ಎಣ್ಣೆ ಮೆಲ್ಲಗೆ ಹೊರಬಂದು ಬಿಳಿಯ ಮೇಲೆ ಕೂದಲೆಳೆಯಂಥ ಒದ್ದೆ ಗೆರೆ ಎಳೆಯುತ್ತದೆ. ರೈಲ್ವೆಯವರು ಒಂದು ಕಾಲಕ್ಕೆ ಆಕ್ಸಲ್‌ಗಳನ್ನು ಪರೀಕ್ಷಿಸುತ್ತಿದ್ದದ್ದು ಇದೇ ಉಪಾಯದಿಂದ. ಗೆರೆ ಮೂಡಿದ ಪೈಪಿಗೆ ಚಿಕಿತ್ಸೆಯಿಲ್ಲ, ಅದು ಗುಜರಿಗೆ.

ಮುರಿಯದಂತೆ ಫೋರ್ಕನ್ನು ಗಟ್ಟಿಮಾಡುವ ಬಲವರ್ಧಕರ ಪಂಥಗಳಿಗೆ ಬರುವ ಮುನ್ನ ಈ ಶಾಸ್ತ್ರದ ಆದಿಪುರುಷನನ್ನು ಸ್ಮರಿಸಬೇಕು. ಅವನು ಮೋಟಾರ್‌ಸೈಕಲ್ಲಿನವನಲ್ಲ, ಫ್ರಾನ್ಸಿನ ಸೈಕಲ್ ಓಟಗಾರ ಯೂಜೆನ್ ಕ್ರಿಸ್ತೋಫ್. 1913ರ ಟೂರ್ ದ ಫ್ರಾನ್ಸ್‌ನಲ್ಲಿ ಟೂರ್ಮಲೆ ಘಟ್ಟ ಇಳಿಯುವಾಗ ಅವನ ಫೋರ್ಕ್ ಮುರಿಯಿತು. ಹೊರಗಿನವರ ನೆರವು ಪಡೆಯಬಾರದೆಂಬ ನಿಯಮ. ಸೈಕಲ್ ಹೊತ್ತು ಹತ್ತು ಕಿಲೊಮೀಟರಿಗೂ ಹೆಚ್ಚು ನಡೆದು, ಬುಡದ ಹಳ್ಳಿಯ ಕುಲುಮೆ ಹುಡುಕಿ, ತಾನೇ ಕಬ್ಬಿಣ ಕಾಯಿಸಿ ಬಡಿದು ಗಂಟೆಗಟ್ಟಲೆ ದುಡಿದು ರಿಪೇರಿ ಮಾಡಿಕೊಂಡ. ಪಕ್ಕದಲ್ಲಿ ಅಧಿಕಾರಿಗಳು ನಿಂತು ನೋಡುತ್ತಿದ್ದರು. ಒಬ್ಬ ಹುಡುಗ ತಿದಿ ಒತ್ತಿದನೆಂದು ದಂಡವನ್ನೂ ಹಾಕಿದರು: ಹತ್ತು ನಿಮಿಷ, ಆಮೇಲೆ ದಯೆತೋರಿ ಮೂರಕ್ಕೆ ಇಳಿಸಿದರಂತೆ. 1919ರಲ್ಲಿ ಎಲ್ಲರಿಗಿಂತ ಮುಂದಿದ್ದು ಹಳದಿ ಅಂಗಿ ತೊಟ್ಟಿದ್ದಾಗ, ಕೊನೆಯ ಹಿಂದಿನ ಹಂತದಲ್ಲಿ ಮತ್ತೆ ಫೋರ್ಕ್ ಮುರಿಯಿತು. 1922ರಲ್ಲಿ ಗಾಲಿಬಿಯೇ ಘಟ್ಟದಲ್ಲಿ ಮೂರನೆಯ ಸಲ. ಟೂರ್ ಅವನಿಗೆ ಎಂದೂ ದಕ್ಕಲಿಲ್ಲ. ತ್ರಿಭಂಗಿ ಎಂಬ ಬಿರುದು ಕೃಷ್ಣನ ಬಳಿಕ ಯಾರಿಗಾದರೂ ಸಲ್ಲುವುದಿದ್ದರೆ ಇವನಿಗೇ.

ಪಂಥಗಳಲ್ಲಿ ಅನುಯಾಯಿಗಳ ಲೆಕ್ಕದಿಂದ ಮೊದಲ ಸ್ಥಾನ ಬಹಿರಂಗವಾದಿಗಳದು. ಹೊರಗಿನಿಂದ ಪಟ್ಟಿ ಕೊಟ್ಟು ವೆಲ್ಡ್ ಮಾಡಿದರೆ ಫೋರ್ಕ್ ಮುರಿಯದು ಎಂಬುದು ಇವರ ಸಿದ್ಧಾಂತ. ಇವರ ದೊಡ್ಡ ಗಿರಾಕಿ ಹಳ್ಳಿಯ ಮೊಪೆಡ್. ಹಿಂದೆ ಎರಡು ಹಾಲಿನ ಕ್ಯಾನು, ಕಾಲ ಬಳಿ ಹಿಂಡಿಮೂಟೆ, ಹ್ಯಾಂಡಲ್ಲಿಗೆ ಬಾಳೆಗೊನೆ; ಅದರ ಫೋರ್ಕ್ ಟೀ ಹತ್ತಿರ ಬಿರುಕು ಬಿಡದಿದ್ದರೆ ಆಶ್ಚರ್ಯ. ವೆಲ್ಡಿಂಗ್ ಅಂಗಡಿಯವನು ಮೂಲೆಯಲ್ಲಿ ಬಿದ್ದಿದ್ದ ಕಿಟಕಿ ಸರಳಿನ ತುಂಡನ್ನೋ ಆ್ಯಂಗಲ್ ಚೂರನ್ನೋ ಆರಿಸಿ, ಟೀಗೂ ಪೈಪಿಗೂ ಸೇರಿಸಿ ಸುತ್ತ ವೆಲ್ಡ್ ಎಳೆದು, ಸುತ್ತಿಗೆಯಿಂದ ಕರಕು ಉದುರಿಸಿ, ಮೇಲೆ ಕರಿ ಪೇಂಟು ಬಳಿದು ಕೊಡುತ್ತಾನೆ. ನೋಡಿದರೆ ಆನೆ ಕಟ್ಟಬಹುದು ಅನ್ನಿಸುತ್ತದೆ.

ಖಂಡನೆ ಹೀಗಿದೆ. ಪಟ್ಟಿ ಇರುವಷ್ಟು ಜಾಗ ಈಗ ಬಾಗುವುದಿಲ್ಲ, ಸರಿ. ಆದರೆ ಬಾಗಬೇಕಾದದ್ದು ಎಲ್ಲಿಯಾದರೂ ಬಾಗಲೇಬೇಕು. ಪಟ್ಟಿ ಥಟ್ಟನೆ ಮುಗಿಯುವ ಅಂಚಿನಲ್ಲಿ, ದಪ್ಪವಿದ್ದದ್ದು ಒಮ್ಮೆಲೇ ತೆಳ್ಳಗಾಗುವ ಗೆರೆಯಲ್ಲಿ, ಬಲವೆಲ್ಲ ಗುಂಪುಗೂಡುತ್ತದೆ. ವೆಲ್ಡಿನ ಬುಡದಲ್ಲಿ ಆರ್ಕ್ ಕಚ್ಚಿ ಬಿಟ್ಟ ಸಣ್ಣ ಗೀರು ಬಿರುಕಿಗೆ ಬಾಗಿಲು ತೆರೆದಿಡುತ್ತದೆ. ವೆಲ್ಡಿನ ಕಾವಿನಿಂದ ಅಕ್ಕಪಕ್ಕದ ಉಕ್ಕಿನ ಗುಣವೂ ಕೆಟ್ಟಿರುತ್ತದೆ. ಮೊದಲು ಟೀಯ ಬಾಯಲ್ಲಿ ಮುರಿಯಬೇಕಿದ್ದದ್ದು ಈಗ ಅದಕ್ಕಿಂತ ಒಂದಿಂಚು ಕೆಳಗೆ ಮುರಿಯುತ್ತದೆ, ಅದೂ ಮೊದಲಿಗಿಂತ ಬೇಗ. ಅಲ್ಲಿಗೂ ಇನ್ನೊಂದು ಪಟ್ಟಿ ಕೊಡುವವರು ಬಹಿರಂಗವಾದಿಗಳಲ್ಲಿ ಪರಮಬಹಿರಂಗರು.

ಇದೇ ಪಂಥದ ಒಂದು ಸಣ್ಣ ಶಾಖೆಗೆ ನಾನು ನಮಸ್ಕಾರ ಮಾಡುತ್ತೇನೆ. ಇವರು ಪಟ್ಟಿಯ ತುದಿಯನ್ನು ಚೌಕಾಕಾರವಾಗಿ ಬಿಡದೆ ಮೀನಿನ ಬಾಲದಂತೆ ಸೀಳಿ ತೆಳ್ಳಗೆ ಇಳಿಸುತ್ತಾರೆ. ಪೈಪಿಗೆ ಅಡ್ಡಲಾಗಿ ವೆಲ್ಡ್ ಎಳೆಯದೆ ಉದ್ದಕ್ಕೆ ಮಾತ್ರ ಎಳೆದು ತುದಿಗೆ ಮುಂಚೆಯೇ ನಿಲ್ಲಿಸುತ್ತಾರೆ. ಕೊನೆಗೆ ಗ್ರೈಂಡರ್ ಹಿಡಿದು ವೆಲ್ಡಿನ ಬುಡ ನುಣ್ಣಗಾಗುವಂತೆ ಉಜ್ಜುತ್ತಾರೆ. ಹಾಕಿದ ಕಬ್ಬಿಣಕ್ಕಿಂತ ಉಜ್ಜಿ ತೆಗೆದ ಕಬ್ಬಿಣವೇ ಫೋರ್ಕನ್ನು ಹೆಚ್ಚು ದಿನ ಉಳಿಸುತ್ತದೆಂದರೆ ಗಿರಾಕಿ ದುಡ್ಡು ಕೊಡಲು ಒಪ್ಪುವುದಿಲ್ಲ, ಅದು ಬೇರೆ ಮಾತು.

ಅಂತರಂಗವಾದಿಗಳು ಪೈಪಿನೊಳಗೆ ರಾಡ್ ತುರುಕಬೇಕೆನ್ನುವವರು. ಹಳೆಯ ಸೈಕಲ್ ಫೋರ್ಕುಗಳಲ್ಲಿ ಒಳಗೊಂದು ಲೈನರ್ ಕೂರಿಸಿ ಹಿತ್ತಾಳೆ ಹಾಕಿ ಬೆಸೆಯುವ ಪದ್ಧತಿ ಇತ್ತು, ಅದು ಒಳ್ಳೆಯದೇ. ಟೆಲಿಸ್ಕೋಪಿಕ್ ಫೋರ್ಕಿನ ಒಳಗೆ ಆಗಲೇ ಸ್ಪ್ರಿಂಗು, ಡ್ಯಾಂಪರ್ ರಾಡು, ಎಣ್ಣೆ ಸಂಸಾರ ಹೂಡಿವೆ, ಇವರಿಗೆ ಜಾಗವಿಲ್ಲ.

ಸೇತುವಾದಿಗಳು ಟೈರಿನ ಮೇಲೆ ಎರಡೂ ಕಾಲುಗಳ ಕೆಳಭಾಗಕ್ಕೆ ಕಮಾನಿನಂಥ ಬ್ರೇಸ್ ಕಟ್ಟುತ್ತಾರೆ. ಒಂದು ಕಾಲು ಒಂದು ಕಡೆ, ಇನ್ನೊಂದು ಇನ್ನೊಂದು ಕಡೆ ಹೋಗದಂತೆ ಇದು ತಡೆಯುತ್ತದೆ, ತಿರುವಿನಲ್ಲಿ ಗಾಡಿ ಹೇಳಿದ ಮಾತು ಕೇಳುತ್ತದೆ. ಆದರೆ ಟೀಯ ಬಾಯಲ್ಲಿ ಬೀಳುವ ಏಟು ಇದರಿಂದ ಕಡಿಮೆಯಾಗದು. ಮುರಿಯುವ ಫೋರ್ಕ್ ಬ್ರೇಸ್ ಸಮೇತ ಮುರಿಯುತ್ತದೆ. ಹಳೆಯ ಗಾಡಿಗಳಲ್ಲಿ ತಗಡಿನ ಮಡ್‌ಗಾರ್ಡೂ ಅದರ ಕಂಬಿಗಳೂ ಈ ಸೇತುವೆಯ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿದ್ದವು. ಅದನ್ನು ಕಿತ್ತೆಸೆದು ಅಂಗೈಯಗಲದ ಪ್ಲಾಸ್ಟಿಕ್ ಹಾಕಿಸಿಕೊಳ್ಳುವ ಹುಡುಗರು, ಆಮೇಲೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ದುಡ್ಡು ಕೊಟ್ಟು ಬ್ರೇಸ್ ತರುತ್ತಾರೆ.

ಸ್ಥೂಲವಾದಿಗಳು ಶಾಸ್ತ್ರಶುದ್ಧರು. ಪೈಪಿನ ಅಡ್ಡಳತೆಯನ್ನೂ ಗೋಡೆಯ ದಪ್ಪವನ್ನೂ ಒಂದೇ ಪ್ರಮಾಣದಲ್ಲಿ ಹೆಚ್ಚಿಸಿದರೆ ಅದರ ಶಕ್ತಿ ಮೂರನೆಯ ಘಾತದಲ್ಲಿ, ಬಿಗುವು ನಾಲ್ಕನೆಯ ಘಾತದಲ್ಲಿ ಏರುತ್ತದೆ. ಕ್ಲಾಸಿಕ್ 350ರ ಹಳೆಯ ಮಾದರಿಯಲ್ಲಿ 35 ಮಿ.ಮೀ. ಇದ್ದ ಪೈಪು ಹೊಸದರಲ್ಲಿ 41 ಆಗಿದೆ. ಕೇಳಿದರೆ ಆರೇ ಮಿಲಿಮೀಟರ್. ಲೆಕ್ಕಕ್ಕೆ ಶಕ್ತಿ ಒಂದೂವರೆ ಪಟ್ಟು ದಾಟಿತು, ಬಿಗುವು ಹತ್ತಿರ ಹತ್ತಿರ ಇಮ್ಮಡಿ. ಇವರಿಗಿಂತ ಒಂದು ಹೆಜ್ಜೆ ಮುಂದೆ ಹೋದವರು ವಿಪರೀತವಾದಿಗಳು: ದಪ್ಪ ಭಾಗವನ್ನು ಮೇಲಕ್ಕೂ ತೆಳ್ಳನೆಯದನ್ನು ಕೆಳಕ್ಕೂ ಹಾಕಿ ಫೋರ್ಕನ್ನೇ ತಲೆಕೆಳಗು ಮಾಡಿದವರು. ಏಟು ಹೆಚ್ಚು ಬೀಳುವಲ್ಲಿ ಪೈಪು ದಪ್ಪವಿರಲಿ ಎಂಬುದರಲ್ಲಿ ಯಾವ ತಪ್ಪೂ ಇಲ್ಲ. 2012ರಲ್ಲಿ ನಮ್ಮಲ್ಲಿ ಬಂದ ಕೆಟಿಎಂ 200 ಡ್ಯೂಕ್ ಇದನ್ನು ಕಾಲೇಜು ಹುಡುಗರಿಗೆ ಪರಿಚಯಿಸಿತು. ಅದನ್ನು ನೋಡಿ ಬೇರೆ ಗಾಡಿಯ ಮಾಮೂಲಿ ಫೋರ್ಕಿಗೆ ಚಿನ್ನದ ಬಣ್ಣದ ಕವರ್ ತೊಡಿಸುವವರಿದ್ದಾರೆ. ಇವರನ್ನು ಲೇಪವಾದಿಗಳಲ್ಲಿ ಸೇರಿಸಿ, ಆಯುಧಪೂಜೆಯ ದಿನ ಗಾಡಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುವವರ ಪಕ್ಕ ಕೂರಿಸಬಹುದು. ನಿಂಬೆಹಣ್ಣಿನವರ ಪರವಾಗಿ ಒಂದು ಮಾತು: ಅದನ್ನು ಕಟ್ಟುವಾಗಲಾದರೂ ಬಗ್ಗಿ ಫೋರ್ಕ್ ನೋಡುತ್ತಾರೆ.

ಬಾಗಿದ ಪೈಪನ್ನು ನೆಟ್ಟಗೆ ಮಾಡುವವರ ಪಂಥವೂ ಒಂದಿದೆ. ಪೈಪನ್ನು ಗಾಜಿನ ಮೇಲೆ ಉರುಳಿಸಿ, ಅದು ಕುಂಟುವ ಕಡೆ ಗುರುತುಹಾಕಿ, ಪ್ರೆಸ್ಸಿಗೆ ಕೊಟ್ಟು ಹದವಾಗಿ ಒತ್ತುವುದು ಇವರ ವಿದ್ಯೆ. ಅಲ್ಪಸ್ವಲ್ಪ ಬೆಂಡ್ ಇದರಿಂದ ಹೋಗುತ್ತದೆ. ನೆರಿಗೆ ಬಿದ್ದ ಪೈಪನ್ನು ಗ್ಯಾಸ್ ಹಚ್ಚಿ ಕೆಂಪಗೆ ಕಾಯಿಸಿ ನೆಟ್ಟಗೆ ಮಾಡುವವನು ಮಾತ್ರ ಮಹಾಪಾತಕಿಗಳ ಪಟ್ಟಿಯಲ್ಲಿ ಸೇರುತ್ತಾನೆ. ಬಾಗುವ ಉಕ್ಕು ಸೌಜನ್ಯವುಳ್ಳದ್ದು, ಮುರಿಯುವ ಮುಂಚೆ ಹೇಳುತ್ತದೆ. ಹ್ಯಾಂಡಲ್ ಒಂದು ಕಡೆ ಎಳೆದರೆ ಅದು ಅರ್ಜಿ ಹಾಕಿದೆ ಎಂದು ತಿಳಿಯಬೇಕು.

ಕೊನೆಯದು ಗ್ಯಾರಂಟಿ ಪ್ರಕರಣ. ಬಹಿರಂಗವಾದಿ ತನ್ನ ಕೆಲಸಕ್ಕೆ ಜೀವಮಾನದ ಗ್ಯಾರಂಟಿ ಕೊಡುತ್ತಾನೆ, ಮತ್ತು ಆ ಗ್ಯಾರಂಟಿ ಎಂದೂ ಸುಳ್ಳಾಗುವುದಿಲ್ಲ. ಮೂರು ತಿಂಗಳಿಗೆ ಫೋರ್ಕ್ ತುಂಡಾಗಿ, ಗಾಡಿಯನ್ನು ಗೂಡ್ಸ್ ಆಟೊಗೆ ಹೇರಿಕೊಂಡು ಬಂದ ಗಿರಾಕಿ ಅಂಗಡಿ ಮುಂದೆ ನಿಂತು ಕೂಗಾಡುತ್ತಾನೆ.

“ಏನಣ್ಣ, ಲೈಫ್‌ಟೈಮ್ ಏನೂ ಆಗಲ್ಲ ಅಂದಿದ್ದೆ?”

ವೆಲ್ಡಿಂಗಿನವನು ಕಪ್ಪು ಕನ್ನಡಕವನ್ನು ಹಣೆಗೇರಿಸಿ, ಮುರಿದ ತುಂಡನ್ನು ಕೈಗೆತ್ತಿಕೊಂಡು, ಹೆಬ್ಬೆರಳಿನಿಂದ ಧೂಳು ಒರೆಸಿ ತೋರಿಸುತ್ತಾನೆ.

“ನೀವೇ ನೋಡಿ ಸಾರ್. ನಾನ್ ಹಾಕಿದ್ ಪಟ್ಟಿ ಒಂಚೂರಾದ್ರೂ ಬಿಟ್ಟೈತಾ? ಹೋಗಿರೋದು ಕಂಪ್ನಿ ಪೈಪು. ಇಳ್ಸಿ, ಅದಕ್ಕೂ ಒಂದ್ ಪಟ್ಟಿ ಕೊಟ್ಬಿಡಣ.”