ಮೇಲಿಂದೋ, ಕೆಳಗಿಂದೋ?

ಪ್ರತಿ ಲ್ಯಾಬಿನಲ್ಲೂ ಅಂಥವರೊಬ್ಬರು ಇದ್ದೇ ಇರುತ್ತಾರೆ. ನೀವು ಆಲಿಕೆಗೆ ಕಾಗದ ಕೂರಿಸಿ ಬೀಕರ್ ಎತ್ತುವ ಹೊತ್ತಿಗೆ ಸರಿಯಾಗಿ ಬೆನ್ನ ಹಿಂದೆ ಬಂದು ನಿಂತು, "ಅದು ಯಾವ ನಂಬರಿನ ಪೇಪರು?" ಎನ್ನುತ್ತಾರೆ. ಉತ್ತರ ಅವರಿಗೆ ಗೊತ್ತು. ನಿಮಗೆ ಗೊತ್ತಿಲ್ಲ ಎಂಬುದೂ ಗೊತ್ತು. ಬೆಂಗಳೂರಿನಲ್ಲಾದರೆ ಇಂಥವರು ನಿವೃತ್ತರಾದ ಮೇಲೆ ಪಾರ್ಕಿನಲ್ಲಿ ವಾಕಿಂಗ್ ಮಾಡುತ್ತಾರಂತೆ. ನಮ್ಮ ಗ್ರಹಚಾರ, ಒಬ್ಬರು ಬಾಳೂರಿಗೆ ಬಂದು ನಮ್ಮ ತೋಟದ ಬೇಲಿಗೆ ತಾಗಿಕೊಂಡೇ ಮನೆ ಕಟ್ಟಿದರು.

ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸಿದವರು. ಊರಿಗೆಲ್ಲ ಫಿಲ್ಟರ್ ಮೇಷ್ಟ್ರು. ಅಂಗಿ ಜೇಬಿನಲ್ಲಿ ಮೂಗುಕನ್ನಡಕದ ಜೊತೆ ನಾಲ್ಕಾರು ದುಂಡನೆ ಫಿಲ್ಟರ್ ಪೇಪರ್ ಸದಾ ಇರುತ್ತದೆ. ಮದುವೆಮನೆಯಲ್ಲಿ ಊಟದ ಸರದಿಗೆ ಕಾಯುವಾಗ ಲಗ್ನಪತ್ರಿಕೆಯನ್ನೇ ನೆರಿಗೆ ನೆರಿಗೆಯಾಗಿ ಮಡಚುತ್ತಾರೆ. ಪಾನಕಕ್ಕೆ ಯಾವ ಬಟ್ಟೆ ಹಿಡಿದಿರಿ ಎಂದು ಅಡುಗೆಯವರನ್ನು ವಿಚಾರಿಸಿ ಬೈಸಿಕೊಂಡದ್ದೂ ಉಂಟು. ಇದನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ಅವರ ಒಂದು ಪ್ರಶ್ನೆ: "ನಿಂಗೆ ಬೇಕಾಗಿರೋದು ಮೇಲಿಂದೋ, ಕೆಳಗಿಂದೋ?"

ಅಂದರೆ, ಕಾಗದದ ಮೇಲೆ ಉಳಿಯುವ ಗಸಿಯೋ, ಕೆಳಗೆ ಇಳಿಯುವ ತಿಳಿಯೋ. ಇದಕ್ಕೆ ಉತ್ತರ ಹೇಳದೆ ಯಾರೂ ಏನನ್ನೂ ಸೋಸುವಂತಿಲ್ಲ. ಪಿಯುಸಿಯಲ್ಲಿ ಫಿಲ್ಟರ್ ಪೇಪರಿನ ಮೇಲೆ ಚಿತ್ರ ಬಿಡಿಸಿಕೊಂಡು ಪ್ರಾಕ್ಟಿಕಲ್ ಕಳೆದ ನನಗೆ ಅವರಿಂದಲೇ ತಿಳಿದದ್ದು: ನೋಡಲು ಎಲ್ಲವೂ ಒಂದೇ ಬಿಳಿ, ಒಂದೇ ದುಂಡು, ಗುಣ ಬೇರೆ. ವಾಟ್ಮನ್ 41ರಲ್ಲಿ 20 ಮೈಕ್ರಾನಿನಷ್ಟು ದೊಡ್ಡ ಕಣ ನಿಲ್ಲುತ್ತದೆ, ನೀರು ಸರಸರ ಇಳಿಯುತ್ತದೆ. 42ರಲ್ಲಿ 2.5 ಮೈಕ್ರಾನಿನದೂ ನಿಲ್ಲುತ್ತದೆ, ಆದರೆ ಇಳಿಯುವುದು ಸರ್ಕಾರಿ ಕಡತದ ವೇಗದಲ್ಲಿ. ಬೇರಿಯಂ ಸಲ್ಫೇಟಿನಂಥ ನುಣ್ಣನೆ ಹಿಟ್ಟಿಗೆ 41 ಹಾಕಿದರೆ ಗಸಿಯೂ ಕೆಳಗಿಳಿದುಹೋಗುತ್ತದೆ. ಲೋಳೆ ಗಸಿಗೆ 42 ಹಾಕಿದರೆ ಅದು ಅಲ್ಲೇ ಕಟ್ಟಿಕೊಂಡು ಕೂರುತ್ತದೆ. ಗಸಿ ಬೇಕಾದರೆ ಕಾಗದವನ್ನು ನಾಲ್ಕು ಮಡಿಕೆ ಮಾಡಬೇಕು. ತಿಳಿ ಮಾತ್ರ ಸಾಕಾದರೆ ನೆರಿಗೆ ಕಾಗದ ಬೇಗ. ಅವಸರವಿದ್ದರೆ ಬುಕ್ನರ್ ಆಲಿಕೆ ಇಟ್ಟು ಪಂಪಿನಿಂದ ಗಾಳಿ ಎಳೆಯಬೇಕು. ಅವಸರಕ್ಕೆ ಮೇಷ್ಟ್ರ ಮನೆಯಲ್ಲಿ ಜಾಗವಿಲ್ಲ, ಆ ಮಾತು ಬೇರೆ.

ಒಂದು ಮಳೆಗಾಲ ನಮ್ಮ ಜಗಲಿಗೆ ಆರ್‌ಓ ಯಂತ್ರ ಮಾರುವ ಹುಡುಗನೊಬ್ಬ ಬಂದ. ಟೈ ಕಟ್ಟಿದ್ದ, ಟೈ ತೊಟ್ಟಿಕ್ಕುತ್ತಿತ್ತು. ಅಂಥ ಮಳೆಯಲ್ಲೂ ಕರೆಂಟಿತ್ತು, ಅದು ಅವನ ಅದೃಷ್ಟ ಅಂದುಕೊಂಡೆ. ನಮ್ಮ ಅಬ್ಬಿ ನೀರನ್ನು ಒಂದು ಲೋಟಕ್ಕೆ, ತನ್ನ ಬಾಟಲಿಯ ನೀರನ್ನು ಇನ್ನೊಂದು ಲೋಟಕ್ಕೆ ಹೊಯ್ದು, ಎರಡಕ್ಕೂ ಕಂಬಿಗಳಿದ್ದ ಒಂದು ಡಬ್ಬಿ ಇಳಿಬಿಟ್ಟು ಸ್ವಿಚ್ ಹಾಕಿದ. ಅವನ ನೀರು ಹಾಗೇ ಇತ್ತು. ನಮ್ಮದು ನಿಧಾನಕ್ಕೆ ಕಂದಾಗಿ, ಆಮೇಲೆ ಕೆಸರಿನಂತೆ ಗಸಿ ಕಟ್ಟಿತು. "ನೋಡಿ ಮೇಡಂ, ಇಷ್ಟು ಕೊಳೆ ದಿನಾ ನಿಮ್ಮ ಹೊಟ್ಟೆಗೆ ಹೋಗ್ತಿದೆ" ಎಂದ. ನನ್ನ ಹೆಂಡತಿ ಅಡ್ವಾನ್ಸ್ ತರಲು ಎದ್ದಳು.

ಬೇಲಿ ದಾಟಿ ಮೇಷ್ಟ್ರು ಬಂದರು. ಲೋಟ ಎತ್ತಿ ಬೆಳಕಿಗೆ ಹಿಡಿದು, "ಮಾರಾಯ, ಇದ್ರಲ್ಲಿ ನಿಂಗೆ ಮೇಲಿಂದು ಬೇಕೋ, ಕೆಳಗಿಂದೋ?" ಎಂದರು.

ಹುಡುಗ ನನ್ನ ಮುಖ ನೋಡಿದ. ನಾನು ಮಳೆ ನೋಡಿದೆ.

"ಮೇಲಿಂದೇ ಬೇಕು. ಸಾಕ್ಷಿ ಇರೋದು ಅಲ್ಲೇ" ಎಂದು ತಾವೇ ತೀರ್ಪು ಕೊಟ್ಟು, ಮನೆಗೆ ಹೋಗಿ ಆಲಿಕೆ, ಸ್ಟ್ಯಾಂಡು, ಗಾಜಿನ ಕಡ್ಡಿ ತಂದರು. ಜೇಬಿನಿಂದ 41 ಹೊರಬಂತು. ಕಾಗದವನ್ನು ಒದ್ದೆ ಮಾಡಿ ಆಲಿಕೆಗೆ ಅಂಟಿಸಿದರು. ಆಲಿಕೆಯ ಕೊಳವೆ ಬೀಕರಿನ ಗೋಡೆಗೆ ತಾಗುವಂತೆ ಇಟ್ಟರು. ಕಡ್ಡಿಯ ಗುಂಟ ಸುರಿದರು, ಕಾಗದದ ಅಂಚಿಗಿಂತ ಕೆಳಗೇ ನಿಲ್ಲಿಸಿದರು. ಪ್ರತಿ ಹಂತಕ್ಕೂ ವಿವರಣೆಯಿತ್ತು. ಕಳಸದ ಕಡೆಯಿಂದ ಬಂದ ಬಸ್ಸು ಹಾರ್ನ್ ಹೊಡೆದುಕೊಂಡು ಹೋಯಿತು. ಆ ಬಸ್ಸಿಗೆ ಹೋಗಿ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುವ ಆಸೆ ಹುಡುಗನಿಗಿತ್ತು. ಪಾಪ, ಅವನ ಡಬ್ಬಿಯೇ ಅವನನ್ನು ಹಿಡಿದು ಕೂರಿಸಿತು.

ನೀರೆಲ್ಲ ಇಳಿದು ಕಾಗದದ ಮೇಲೆ ಕಂದು ಲೋಳೆ ಉಳಿಯಿತು. ಅದಕ್ಕೆ ಎರಡು ಹನಿ ಆಸಿಡ್, ಕರಗಿ ಇಳಿದದ್ದಕ್ಕೆ ಒಂದು ಹನಿ ಥಯೋಸಯನೇಟ್. ಅಂಥ ಬಾಟಲಿಗಳು ಅವರ ಮನೆಯಲ್ಲಿ ಉಪ್ಪಿನಕಾಯಿ ಭರಣಿಯ ಪಕ್ಕದಲ್ಲೇ ಇರುತ್ತವೆ. ದ್ರಾವಣ ರಕ್ತದಂತೆ ಕೆಂಪಾಯಿತು.

"ಕಬ್ಬಿಣ. ನಿನ್ನ ಕಂಬೀದು ಕಣೋ. ನೀರಲ್ಲಿ ಸ್ವಲ್ಪ ಲವಣ ಇದ್ರೆ ಕರೆಂಟು ಹರಿಯುತ್ತೆ, ಕಂಬಿ ಕರಗುತ್ತೆ, ತುಕ್ಕು ಬರುತ್ತೆ. ನಿನ್ನ ನೀರಲ್ಲಿ ಲವಣವೇ ಇಲ್ಲ, ಹಾಗಾಗಿ ಸುಮ್ಮನಿದೆ." ಒಳಗಿಂದ ಒಂದು ಚಿಟಿಕೆ ಉಪ್ಪು ತರಿಸಿ ಅವನ ನೀರಿಗೆ ಹಾಕಿಸಿದರು. ಸ್ವಿಚ್ ಹಾಕಿದ್ದೇ ಅದು ನಮ್ಮ ನೀರಿಗಿಂತ ಬೇಗ, ನಮ್ಮದಕ್ಕಿಂತ ಹೆಚ್ಚು ಕಂದಾಯಿತು. ಆಮೇಲೆ ಹುಡುಗನ ಕೈಯಲ್ಲೇ ಅವನ ಮೀಟರು ಹಿಡಿಸಿ ಅಬ್ಬಿ ನೀರು ಅಳೆಯಿಸಿದರು. ಕುಡಿಯುವ ನೀರಿನಲ್ಲಿ ಲೀಟರಿಗೆ 500 ಮಿಲಿಗ್ರಾಂವರೆಗೆ ಕರಗಿದ ಲವಣ ಇರಬಹುದು ಎನ್ನುತ್ತದೆ ಭಾರತೀಯ ಮಾನಕ. ಮೀಟರು ಐವತ್ತನ್ನೂ ಮುಟ್ಟಲಿಲ್ಲ. ಇಲ್ಲೇ ಹತ್ತಿರದ ಜಾವಳಿಯಲ್ಲಿ ಹೇಮಾವತಿ ಹುಟ್ಟುತ್ತಾಳೆ. ಅಂಥ ಊರಿಗೆ ಉಪ್ಪು ತೆಗೆಯುವ ಯಂತ್ರ!

"ಹಾಗಾದ್ರೆ ನಮ್ಮ ನೀರಿಗೆ ಏನೂ ಬೇಡ್ವಾ ಮೇಷ್ಟ್ರೇ?" ಎಂದಳು ನನ್ನ ಹೆಂಡತಿ. ಕೇಳಬಾರದಿತ್ತು. ಮಳೆಗಾಲದ ಮಣ್ಣಿಗೆ ತಿಳಿಯಾಗಲು ಬಿಟ್ಟು ಸೋಸಬೇಕು, ರೋಗಾಣುವಿಗೆ ಕುದಿಸಬೇಕು, ಇಷ್ಟೇ ಉತ್ತರ. ಆದರೆ ಮಾತು ಅಲ್ಲಿಂದ 0.45 ಮೈಕ್ರಾನಿನ ಪೊರೆಗೆ ಹೋಯಿತು. ನೀರಿನಲ್ಲಿ ರೋಗಾಣು ಎಷ್ಟಿವೆ ಎಂದು ನೋಡುವವರು 100 ಮಿಲಿ ನೀರನ್ನು ಅದರ ಮೂಲಕ ಎಳೆದು, ಪೊರೆಯನ್ನೇ ಆಹಾರದ ಮೇಲಿಟ್ಟು ಬೆಳೆಸಿ ಎಣಿಸುತ್ತಾರೆ. ಅಲ್ಲಿ ಬೇಕಾದ್ದು ಮೇಲಿಂದು. ಕಾಯಿಸಿದರೆ ಕೆಡುವ ಔಷಧಿಯನ್ನು 0.22ರಲ್ಲಿ ಹಾಯಿಸಿ ರೋಗಾಣು ಕಳೆಯುವಾಗ ಬೇಕಾದ್ದು ಕೆಳಗಿಂದು. ಹುಡುಗ ತಲೆಯಾಡಿಸುತ್ತಿದ್ದ. ಮುಂದಿನ ಬಸ್ಸೂ ಹೋಗಿತ್ತು. ನಮ್ಮ ಮನೆಯಲ್ಲೇ ಊಟ ಮಾಡಿ ಹೋದ.

ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರವಿದೆ, ಬೆಳೆಗಾರರು ಮಣ್ಣು ಪರೀಕ್ಷೆಗೆ ಕೊಡುವುದು ಅಲ್ಲಿಗೇ. ಅಲ್ಲಿಂದ ಬಂದ ವರದಿಯನ್ನು ಮೇಷ್ಟ್ರಿಗೆ ತೋರಿಸಿದರೆ ಸುಣ್ಣ ಎಷ್ಟು ಹಾಕಬೇಕು ಎಂಬುದು ತಿಳಿಯುವುದಿಲ್ಲ. ನಮ್ಮಂಥ ಹುಳಿ ಮಣ್ಣಿನ ರಂಜಕಕ್ಕೆ ಬ್ರೇ ವಿಧಾನವೇ ಏಕೆ, ಅದಕ್ಕೆ 42 ಏಕೆ ಎಂಬುದು ತಿಳಿಯುತ್ತದೆ. ಕಾಗದದಲ್ಲೇ ರಂಜಕ ಇರಬಹುದು, ಆದ್ದರಿಂದ ಮಣ್ಣಿಲ್ಲದ ಖಾಲಿ ದ್ರಾವಣವನ್ನೂ ಅದೇ ಡಬ್ಬಿಯ ಕಾಗದದಲ್ಲಿ ಸೋಸಿ ಲೆಕ್ಕದಿಂದ ಕಳೆಯಬೇಕು. ಹುಳಿ ಅಳೆಯುವಾಗ ಮಾತ್ರ ಸೋಸಲೇಬಾರದು, ಮಣ್ಣು ಕಲಕಿದ ನೀರಿನಲ್ಲೇ ಅಳೆಯಬೇಕು. "ಸೋಸದೇ ಬಿಡೋದೂ ಒಂದು ವಿದ್ಯೆ ಮಾರಾಯ" ಎನ್ನುವಾಗ ಅವರ ದನಿ ಮೆತ್ತಗಾಗುತ್ತದೆ.

ಈಗಿನ ಲ್ಯಾಬುಗಳ ಸುದ್ದಿ ಬಂದರೂ ಹಾಗೇ ಮೆತ್ತಗಾಗುತ್ತಾರೆ. ಹುಡುಗರು ಸಿರಿಂಜಿನ ತುದಿಗೆ ಬಿಲ್ಲೆಯೊಂದನ್ನು ಸಿಕ್ಕಿಸಿ ಒತ್ತಿಬಿಡುತ್ತಾರಂತೆ, ಡ್ರಾಯರಿನಲ್ಲಿ ಕೈಗೆ ಸಿಕ್ಕಿದ್ದನ್ನು. ಸೆಲ್ಯುಲೋಸ್ ಅಸಿಟೇಟಿನ ಬಿಲ್ಲೆಗೆ ಅಸಿಟೋನ್ ಹಾಯಿಸಿದರೆ ಪೊರೆಯೇ ಕರಗುತ್ತದೆ. ಟೆಫ್ಲಾನಿನದಕ್ಕೆ ನೀರು ಒತ್ತಿದರೆ ಹೆಬ್ಬೆರಳು ನೋಯುತ್ತದೆಯೇ ಹೊರತು ನೀರು ದಾಟುವುದಿಲ್ಲ. ಹೋದ ವರ್ಷ ನಮ್ಮೂರಿನ ಹುಡುಗಿಯೊಬ್ಬಳು ಮಂಗಳೂರಿನ ಲ್ಯಾಬಿನಿಂದ ರಾತ್ರಿ ಫೋನ್ ಮಾಡಿದ್ದಳು: ಎಷ್ಟು ಸಲ ಸೋಸಿದರೂ ಕೆಳಗಿಳಿದದ್ದು ಮಸುಕಾಗಿಯೇ ಇದೆ. "ಕಾಗದದ ಅಂಚು ದಾಟಿ ಸುರಿದ್ಯೇನೇ?" ಎಂದು ಕೇಳಿದರಂತೆ. ಹೌದಂತೆ. ಮರುದಿನ ಬೆಳಗ್ಗೆ ಆ ಸಂಗತಿ ಹೇಳಲು ಮಳೆಯಲ್ಲಿ ಕೊಡೆಯಿಲ್ಲದೆ ನಮ್ಮ ಮನೆಗೆ ಬಂದರು. ಹಾಗೆ ಕೇಳುವವರು ಈಗ ಅವರಿಗೆ ಎಲ್ಲಿ ಸಿಗಬೇಕು? ನಾವಿದ್ದೇವೆ, ಬೇಲಿಯಾಚೆ, ಆದರೆ ನಮಗೆ ಬೇಕಾದ್ದು ಕಾಫಿ ಅಷ್ಟೆ.

ಕಾಫಿಯಲ್ಲೂ ಅವರು ಸೋತವರಲ್ಲ. ಒಮ್ಮೆ ನೆಂಟರು ಬಂದಾಗ ಡಿಕಾಕ್ಷನ್ ಇಳಿಯಲೇ ಇಲ್ಲ. ನನ್ನ ಹೆಂಡತಿ ಫಿಲ್ಟರನ್ನು ಚಮಚದಿಂದ ತಟ್ಟುತ್ತಿದ್ದಳು. ಮೇಷ್ಟ್ರು ತಡೆದು, ಮೇಲಿನ ಪಾತ್ರೆ ಕೆಳಗಿನದರ ಮೇಲೆ ಬಿಗಿಯಾಗಿ ಕೂತು ಒಳಗಿನ ಗಾಳಿಗೆ ದಾರಿಯಿಲ್ಲ ಎಂದು, ಸಂದಿಗೆ ಒಂದು ಕಾಗದದ ಚೂರು ತುರುಕಿದರು. ತಟತಟ ಹನಿ ಬಿತ್ತು. ಹಾಗೇ 1908ರಲ್ಲಿ ಜರ್ಮನಿಯ ಮೆಲಿಟ್ಟಾ ಬೆಂಟ್ಸ್ ಎಂಬ ಗೃಹಿಣಿ ಮಗನ ನೋಟ್‌ಬುಕ್ಕಿನ ಒತ್ತುಕಾಗದದಿಂದ ಕಾಫಿ ಸೋಸಿ ಪೇಟೆಂಟ್ ಪಡೆದ ಕಥೆಯೂ ಶುರುವಾಯಿತು. ಕಥೆ ಮುಗಿಯುವಾಗ ಡಿಕಾಕ್ಷನ್ ತಣ್ಣಗಾಗಿತ್ತು, ನೆಂಟರು ಚಪ್ಪಲಿ ಮೆಟ್ಟಿದ್ದರು.

ಬಾಳೂರಿನ ಕಡೆ ಬಂದರೆ ನಮ್ಮ ಮನೆಗೆ ಖಂಡಿತ ಬನ್ನಿ. ಜಗಲಿಯಲ್ಲಿ ಮೇಷ್ಟ್ರು ಕೂತಿದ್ದರೆ ಮಾತ್ರ ಕಾಫಿ ಬೇಡ, ಟೀ ಸಾಕು ಎನ್ನಿ. ಟೀ ಜರಡಿಯ ಬಗ್ಗೆ ಅವರಿನ್ನೂ ಬಾಯಿ ತೆರೆದಿಲ್ಲ.