ಇಲ್ಲದ ಬೆಲ್ಟಿಗೊಂದು ಎಸ್ಟಿಮೇಟು

ಪೇಟೆಯ ಗಾಜಿನ ಕೋಣೆಯಲ್ಲಿ ಕುಳಿತು ಕಾರುಗಳ ಆಯುಷ್ಯ ನಿರ್ಧರಿಸುವ ಸರ್ವಿಸ್ ಅಡ್ವೈಸರ್ ಮಹಾಶಯರಿಗೆ,

ಕಡಬ ಕಡೆಯ ನಿವೃತ್ತ ಕನ್ನಡ ಮಾಸ್ಟ್ರೊಬ್ಬರ ನಮಸ್ಕಾರ. ತಮ್ಮ ಜಾಬ್ ಕಾರ್ಡಿನಲ್ಲಿ ಗಿರಾಕಿ ಯಾವತ್ತೂ ‘ನಾನು’ ಎನ್ನುವುದಿಲ್ಲ, ‘ಕಸ್ಟಮರ್ ಹೇಳುತ್ತಾರೆ’ ಎಂದೇ ಶುರು. ಹಾಗಾಗಿ ಈ ಪತ್ರದಲ್ಲೂ ಮಾಸ್ಟ್ರು ಮೂರನೆಯವರಾಗಿಯೇ ಇರುತ್ತಾರೆ. ಕನ್ನಡ ವ್ಯಾಕರಣದಲ್ಲಿ ಅದಕ್ಕೆ ಪ್ರಥಮ ಪುರುಷ ಎಂಬ ಗೌರವದ ಹೆಸರಿದೆ. ತಮ್ಮಲ್ಲಿ ಸಿಗದ ಗೌರವ ವ್ಯಾಕರಣದಲ್ಲಾದರೂ ಸಿಗಲಿ.

ಮೊನ್ನೆ ಆ ಕಾರ್ಡಿನಲ್ಲಿ ತಾವು ಬರೆದದ್ದು ಎರಡೇ ಶಬ್ದ: ‘ಪುಲ್ಲಿಂಗ್ ಇಲ್ಲ.’ ಕಾರು ನಪುಂಸಕಲಿಂಗ ಎಂದು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರಿಗೆ ಅದು ಹೊಸ ಸುದ್ದಿಯಲ್ಲ.

ನಡೆದದ್ದಿಷ್ಟು. ಸುಳ್ಯ ದಾಟಿ, ಸಂಪಾಜೆಯಿಂದ ಮಡಿಕೇರಿಯತ್ತ ಘಾಟಿ ಹತ್ತುವಾಗ, ಯಾವಾಗಲೂ ಮೂರನೇ ಗೇರಿನಲ್ಲಿ ಏರುತ್ತಿದ್ದ 2012ರ ಡೀಸೆಲ್ ಕಾರು ಎರಡಕ್ಕೆ ಇಳಿದರೂ ಏದುಸಿರು ಬಿಟ್ಟಿತು. ಹಿಂದಿನಿಂದ ಕಪ್ಪು ಹೊಗೆ. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಬಾನೆಟ್ಟಿನೊಳಗೆ ‘ಹುಸ್ಸ್’ ಎಂಬ ಸದ್ದು, ಕುಕ್ಕರ್ ಸೀಟಿ ಹಾಕುವ ಮೊದಲು ಉಸಿರೆಳೆದ ಹಾಗೆ. ಮಾಸ್ಟ್ರು ಅಲ್ಲಿಂದಲೇ ತಿರುಗಿಸಿ, ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ತಮ್ಮ ಬಾಗಿಲಿಗೆ ಬಂದರು.

ಒಂಬತ್ತಕ್ಕೆ ‘ಇನ್ನೊಂದು ಅರ್ಧ ಗಂಟೆ ಸರ್’. ಹನ್ನೊಂದಕ್ಕೆ ‘ಇನ್ನೊಂದು ಅರ್ಧ ಗಂಟೆ’. ಮಧ್ಯಾಹ್ನ ತಾವು ಊಟಕ್ಕೆ ಹೋದಿರಿ, ಅರ್ಧ ಗಂಟೆ ಅಲ್ಲೇ ಕುಳಿತಿತು. ಟಿವಿಯಲ್ಲಿ ಒಂದೇ ಜಾಹೀರಾತು, ಸಮುದ್ರದ ದಂಡೆಯಲ್ಲಿ ಹೊಸ ಕಾರು ಓಡುತ್ತಲೇ ಇತ್ತು. ಕಾಫಿ ಮೆಷಿನ್ನಿನ ಮೇಲೆ ‘ಔಟ್ ಆಫ್ ಆರ್ಡರ್’ ಚೀಟಿ. ತಾವು ದುರಸ್ತಿ ಮಾಡುವವರಲ್ಲವೇ ಎಂದು ಕೇಳುವ ಆಸೆಯಾಯಿತು, ಕೇಳಲಿಲ್ಲ.

ನಾಲ್ಕೂವರೆಗೆ ಎಸ್ಟಿಮೇಟು ಬಂತು. ಟರ್ಬೊ ಹೋಗಿದೆ, ಪೂರ್ತಿ ಸೆಟ್ ಹಾಕಬೇಕು. ಎಂಜಿನ್ ಫ್ಲಶ್ ಆಗಬೇಕು. ಕೆಮ್ಮಿಗೆ ಹೋದವನಿಗೆ ಕಾಲಿನ ಆಣಿಗೂ ಔಷಧಿ ಬರೆದಂತೆ ಎಸಿಗೂ ಏನೋ ಒಂದು. ಎಲ್ಲ ಸೇರಿ ₹74,000 ಚಿಲ್ಲರೆ. ಇದನ್ನೆಲ್ಲ ಮಾಸ್ಟ್ರು ಕ್ಷಮಿಸುತ್ತಿದ್ದರೋ ಏನೋ. ಆದರೆ ನಾಲ್ಕನೇ ಸಾಲಿನಲ್ಲಿ ತಾವು ಬರೆದಿದ್ದೀರಿ: ‘ಟೈಮಿಂಗ್ ಬೆಲ್ಟ್ ಕಿಟ್, ಬದಲಾವಣೆ.’

ಸ್ವಾಮೀ, ಈ ಎಂಜಿನ್ನಿಗೆ ಟೈಮಿಂಗ್ ಬೆಲ್ಟೇ ಇಲ್ಲ.

ಇರುವುದು ಚೈನು. ಕವರಿನ ಒಳಗೆ ಎಂಜಿನ್ ಆಯಿಲಿನಲ್ಲೇ ನೆನೆಯುತ್ತ ಸುತ್ತುವ ಉಕ್ಕಿನ ಚೈನು. ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಶನರ್ ಕೂಡ ಆಯಿಲಿನ ಒತ್ತಡದಿಂದಲೇ ಕೆಲಸ ಮಾಡುವುದು. ಆಯಿಲ್ ಕೆಟ್ಟರೆ ಚೈನು ಸವೆದು ಉದ್ದವಾಗುತ್ತದೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕರಕರ ಎನ್ನುತ್ತದೆ. ಆಗ ಬದಲಿಸಲೇಬೇಕು, ಮಾಸ್ಟ್ರ ತಕರಾರಿಲ್ಲ. ಆದರೆ ಬೆಲ್ಟು? ಕೇಳಿದ್ದಕ್ಕೆ ತಾವು ‘ಹೊರಗೆ ಕಾಣ್ತದಲ್ಲ ಸರ್’ ಎಂದಿರಿ. ಹೊರಗೆ ಕಾಣುವುದು ಆಲ್ಟರ್ನೇಟರ್ ತಿರುಗಿಸುವ ಬೆಲ್ಟು. ಅದು ಟೈಮಿಂಗ್ ಬೆಲ್ಟಾದರೆ ಮಾಸ್ಟ್ರ ಸೊಂಟದ್ದೂ ಟೈಮಿಂಗ್ ಬೆಲ್ಟು.

ತಾವು ಚಿಕ್ಕವರು, ಹಳೆಯ ಎಂಜಿನ್ನಿನ ಪರಿಚಯ ಇರಲಿಕ್ಕಿಲ್ಲ. ಫಿಯೆಟ್ ಮತ್ತು ಜನರಲ್ ಮೋಟಾರ್ಸ್ ಜಂಟಿಯಾಗಿ ಮಾಡಿ 2003ರಲ್ಲಿ ಯುರೋಪಿನ ರಸ್ತೆಗಿಳಿಸಿದ 1248 ಸಿಸಿಯ ಸಣ್ಣ ಟರ್ಬೊ ಡೀಸೆಲ್ ಇದು. 2007ರಲ್ಲಿ ಸ್ವಿಫ್ಟಿನೊಳಗೆ ಕೂತು ನಮ್ಮೂರಿಗೂ ಬಂತು. ಮಾರುತಿಯಲ್ಲಿ ಡಿಡಿಐಎಸ್, ಟಾಟಾದಲ್ಲಿ ಕ್ವಾಡ್ರಾಜೆಟ್, ಫಿಯೆಟ್‌ನಲ್ಲಿ ಮಲ್ಟಿಜೆಟ್. ಒಂದೇ ಮಗುವಿಗೆ ಅಜ್ಜನ ಮನೆಯಲ್ಲೊಂದು ಹೆಸರು, ಶಾಲೆಯಲ್ಲೊಂದು. ರಿಟ್ಜ್, ಡಿಜೈರ್, ವಿಸ್ಟಾ, ಪುಂಟೊ, ಎಲ್ಲದರ ಹೊಟ್ಟೆಯಲ್ಲೂ ಇದೇ. ಕಾರಿನ ಪತ್ರಿಕೆಯವರು ತಮಾಷೆಗೆ ‘ರಾಷ್ಟ್ರೀಯ ಎಂಜಿನ್’ ಎಂದರು. 2020ರ ಏಪ್ರಿಲಿನಲ್ಲಿ ಬಿಎಸ್-6 ಬರುವ ಹೊತ್ತಿಗೆ ಮಾರುತಿ ಡೀಸೆಲನ್ನೇ ಕೈಬಿಟ್ಟಿತು. ಪುತ್ತೂರು, ಸುಳ್ಯ, ಕಡಬದ ಅಡಿಕೆ ತೋಟದವರು ಮಾತ್ರ ಬಿಟ್ಟಿಲ್ಲ. ಹಿಂದಿನ ಸೀಟು ಮಡಚಿ ಮೈಲುತುತ್ತು, ಸುಣ್ಣ, ಗೊಬ್ಬರ ತುಂಬಿದರೂ ಅದು 2000 ಆರ್‌ಪಿಎಂ ದಾಟಿದ ಮೇಲೆ ಗುಡ್ಡ ಹತ್ತುತ್ತದೆ. ಅದಕ್ಕಿಂತ ಕೆಳಗೆ ಒಂದು ಕೋಳಿನಿದ್ದೆ ಇದೆ, ನಿಜ.

ತಮ್ಮಲ್ಲಿಂದ ಹೊರಟ ಮಾಸ್ಟ್ರು ಮರುದಿನ ಬೆಳ್ಳಾರೆ ದಾರಿಯ ಒಂದು ಶೀಟಿನ ಗ್ಯಾರೇಜಿಗೆ ಹೋದರು. ಅಲ್ಲಿ ಎಸಿ ಇಲ್ಲ, ಟಿವಿ ಇಲ್ಲ, ಒಂದು ನಾಯಿ ಇದೆ. ಮೆಕ್ಯಾನಿಕ್ ಎಂಜಿನ್ ಓಡುತ್ತಿರುವಾಗ ಹುಡುಗನಿಂದ ಆಕ್ಸಿಲರೇಟರ್ ಒತ್ತಿಸಿ, ತಾನು ಕಿವಿ ಬಗ್ಗಿಸಿದ. ಅಂಗೈಯನ್ನು ಒಂದೊಂದೇ ಪೈಪಿನ ಹತ್ತಿರ ಹಿಡಿಯುತ್ತ ಬಂದು ಒಂದು ಕಡೆ ನಿಲ್ಲಿಸಿದ.

‘ಇಲ್ಲಿ ಗಾಳಿ ಹೋಗ್ತಾ ಉಂಟು ಮಾಸ್ಟ್ರೇ. ಕೈ ಇಟ್ಟು ನೋಡಿ.’

ಟರ್ಬೊ ಒತ್ತಿ ಕಳಿಸುವ ಗಾಳಿಯನ್ನು ಎಂಜಿನ್ನಿಗೆ ಒಯ್ಯುವ ರಬ್ಬರ್ ಪೈಪು ಕ್ಲಿಪ್ಪಿನ ಬುಡದಲ್ಲಿ ಅರ್ಧ ಬೆರಳಿನಷ್ಟು ಸೀಳಿತ್ತು. ಒಳಗೆ ಹೋಗಬೇಕಾದ ಗಾಳಿ ಹೊರಗೆ ಹೋದರೆ ಡೀಸೆಲ್ ಸರಿಯಾಗಿ ಉರಿಯುವುದಿಲ್ಲ. ಕಪ್ಪು ಹೊಗೆ, ಹುಸ್ಸ್, ಪುಲ್ಲಿಂಗನಾಶ. ಮೂರಕ್ಕೂ ಕಾರಣ ಒಂದೇ. ಹದಿಮೂರು ಮಳೆಗಾಲ ಮತ್ತು ಎಂಜಿನ್ನಿನ ಬಿಸಿ ಉಂಡ ರಬ್ಬರು ಸೀಳಿದ್ದಕ್ಕೆ ಯಾರನ್ನೂ ದೂರುವುದಿಲ್ಲ. ಪೈಪು, ಕ್ಲಿಪ್ಪು, ಕೂಲಿ ಸೇರಿ ₹2,300. ಮುಗಿಯಲು ನಿಜವಾಗಿಯೂ ಅರ್ಧ ಗಂಟೆ.

ಮಾಸ್ಟ್ರೇನೂ ಸಾಚಾ ಅಲ್ಲ. ಹತ್ತು ಸಾವಿರ ಕಿಲೋಮೀಟರಿಗೆ ಬದಲಿಸಬೇಕಾದ ಆಯಿಲನ್ನು ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ಒಮ್ಮೆ ಹದಿನಾಲ್ಕು ಸಾವಿರಕ್ಕೆ ಎಳೆದವರು. ಘಾಟಿ ಹತ್ತಿ ಬಂದ ಕೂಡಲೇ ಬೀಗದ ಕೈ ತಿರುಗಿಸಿ ಆಫ್ ಮಾಡುವವರು. ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತಬಲ್ಲ ಟರ್ಬೊಗೆ ತಣಿಯಲು ಅರ್ಧ ನಿಮಿಷ ಕೊಡಬೇಕೆಂದು ಕಲಿಸಿದ್ದೂ ಆ ಶೀಟಿನ ಗ್ಯಾರೇಜೇ. ದಿನಾ ಬೆಳಿಗ್ಗೆ ಹಾಲಿನ ಡೈರಿಗೆ ಎರಡು ಕಿಲೋಮೀಟರ್ ಹೋಗಿ ಬಂದರೆ ಎಂಜಿನ್ ಬಿಸಿಯೇ ಆಗದೆ ಇಜಿಆರ್ ವಾಲ್ವಿನಲ್ಲಿ ಮಸಿ ಕಟ್ಟುತ್ತದೆ, ಮಳೆಗಾಲದಲ್ಲಿ ಡೀಸೆಲ್ ಫಿಲ್ಟರಿನಿಂದ ನೀರು ಬಸಿಯಬೇಕು ಎಂದದ್ದೂ ಆತನೇ. ಟಯರಿನಲ್ಲಿ ಇರುವ ಒತ್ತಡ ಎರಡು ಬಾರ್ ಚಿಲ್ಲರೆ, ಇಂಜೆಕ್ಟರಿಗೆ ಹೋಗುವ ಡೀಸೆಲಿನದ್ದು ಸಾವಿರ ಬಾರ್‌ಗೂ ಮೇಲೆ. ಅಲ್ಲಿಗೆ ನೀರು ಹೋದರೆ ಸುಮ್ಮನೆ ಬಿಡುತ್ತದೆಯೇ? ತಮ್ಮ ಗಾಜಿನ ಕೋಣೆಯಲ್ಲಿ ಇದನ್ನೆಲ್ಲ ಯಾರೂ ಹೇಳಿರಲಿಲ್ಲ. ಬೆಲ್ಟಿನ ಧ್ಯಾನದಲ್ಲಿ ಬಿಡುವಾಗಿರಲಿಲ್ಲವೇನೋ.

ಇಲ್ಲಿಗೆ ನಿಲ್ಲಿಸುವವರಿದ್ದರು. ಆದರೆ ನಿನ್ನೆ ರಾತ್ರಿ ಹಳೆಯ ಬಿಲ್ಲಿನ ಫೈಲು ಬಿಚ್ಚಿದಾಗ 2019ರ ತಮ್ಮದೇ ಬಿಲ್ಲೊಂದು ಸಿಕ್ಕಿತು. ‘ಟೈಮಿಂಗ್ ಬೆಲ್ಟ್ ಚೆಕ್ ಮತ್ತು ಅಡ್ಜಸ್ಟ್, ₹650.’ ಕೆಳಗೆ ಮಾಸ್ಟ್ರದ್ದೇ ಸಹಿ, ದುಂಡಗಿನ ಅಕ್ಷರದಲ್ಲಿ.

ಬರುವ ಶನಿವಾರ ಮಾಸ್ಟ್ರು ಬರುತ್ತಾರೆ. ಅಡ್ಜಸ್ಟ್ ಮಾಡಿದ ಆ ಬೆಲ್ಟನ್ನು ತೋರಿಸಿ, ಇಲ್ಲವೇ 650 ರೂಪಾಯಿ ಕೊಡಿ. ಹುಡುಕಲು ಸಮಯ ಬೇಕಾದರೆ ತೆಗೆದುಕೊಳ್ಳಿ. ಇನ್ನೊಂದು ಅರ್ಧ ಗಂಟೆ.

ಇಂತಿ,
ಕಸ್ಟಮರ್ (ಪುಲ್ಲಿಂಗ)