ಹಲ್ಲು ಕಚ್ಚಿಕೊಂಡ ಪ್ರೀತಿ

ಶತಮಾನಗಳ ಕಾಲ ಬದುಕಬಲ್ಲ ಕುಲ, ದೊಡ್ಡ ದೊಡ್ಡ ಬಂಗಲೆ, ನೋಡಿದವರು ಮೂರ್ಛೆ ಹೋಗುವಂಥ ರೂಪ, ಮನಸ್ಸು ಮಾಡಿದರೆ ಬೆಂಕಿ ಹೊತ್ತಿಸುವ, ನೀರು ಹೆಪ್ಪುಗಟ್ಟಿಸುವ ಶಕ್ತಿ. ಇಷ್ಟೆಲ್ಲ ಇದ್ದವರು ಏನು ತಾನೇ ಮಾಡಬಾರದು? ಅವರು ಮಾತ್ರ ಯೂನಿಫಾರ್ಮ್ ತೊಟ್ಟು ಶಾಲೆಗೆ ಹೋಗುತ್ತಾರೆ. ಜಪಾನಿನ ‘ವ್ಯಾಂಪೈರ್ ನೈಟ್’ ಎಂಬ ಅನಿಮೆ ಸರಣಿಯಲ್ಲಿ ರಕ್ತ ಕುಡಿಯುವ ಕುಲದವರ ದಿನಚರಿ ಶುರುವಾಗುವುದೇ ಸಾಲಾಗಿ ಗೇಟು ದಾಟಿ ತರಗತಿಯ ಕಡೆ ನಡೆಯುವುದರಿಂದ. ಶಾಲೆಗೆ ಹೋಗಲು ಅಳುವ ಮಕ್ಕಳಿಗೆ ಹೇಳಿಕೊಡಲು ಇಂಥ ಉದಾಹರಣೆ ನಮ್ಮ ಮೇಷ್ಟ್ರುಗಳಿಗೆ ಸಿಗದೇ ಹೋಯಿತು.

ಮೂಲ ಹಿನೊ ಮಾತ್ಸುರಿ ಬರೆದ ಮಾಂಗಾ, ಅಂದರೆ ಜಪಾನಿ ಚಿತ್ರಕತೆ. ‘ಲಾಲಾ’ ಎಂಬ ಹುಡುಗಿಯರ ಪತ್ರಿಕೆಯಲ್ಲಿ 2004ರ ಕೊನೆಗೆ ಶುರುವಾಗಿ 2013ರವರೆಗೆ ಧಾರಾವಾಹಿಯಾಗಿ ಬಂದು 19 ಸಂಪುಟಗಳಾಯಿತು. ರಕ್ತಪಿಪಾಸುವಿನ ಪ್ರೇಮಕತೆ ಹೇಳುವ ಅಮೆರಿಕದ ‘ಟ್ವೈಲೈಟ್’ ಕಾದಂಬರಿ ಹೊರಬಂದದ್ದು 2005ರಲ್ಲಿ. ಹಾಗಾಗಿ ಹಿನೊ ಅದನ್ನು ನೋಡಿ ಬರೆದರು ಎಂದು ಯಾರೂ ಮೂಗು ಮುರಿಯುವಂತಿಲ್ಲ. 2008ರಲ್ಲಿ ಸ್ಟುಡಿಯೋ ಡೀನ್ ಇದನ್ನು ಟೀವಿಗೆ ತಂದಿತು. ನಿರ್ದೇಶಕಿ ಸಯಾಮಾ ಕಿಯೊಕೊ. ಏಪ್ರಿಲಿನಿಂದ 13 ಕಂತು, ಅಕ್ಟೋಬರಿನಿಂದ ‘ಗಿಲ್ಟಿ’ ಎಂಬ ಬಾಲ ಸೇರಿಸಿಕೊಂಡು ಇನ್ನೊಂದು 13. ಪ್ರಸಾರ ತಡರಾತ್ರಿಯಲ್ಲಿ. ಪಾತ್ರಧಾರಿಗಳ ಅನುಕೂಲ ನೋಡಿಯೇ ಸಮಯ ಗೊತ್ತುಮಾಡಿದಂತಿದೆ.

ಕ್ರಾಸ್ ಅಕಾಡೆಮಿ ಎರಡು ಪಾಳಿಯ ಶಾಲೆ. ಹಗಲು ಪಾಳಿಯವರು ಮನುಷ್ಯರು, ಕಪ್ಪು ಯೂನಿಫಾರ್ಮ್. ರಾತ್ರಿ ಪಾಳಿಯವರು ರಕ್ತಪಿಪಾಸುಗಳು, ಬಿಳಿ ಯೂನಿಫಾರ್ಮ್. ಹಗಲಿನವರಿಗೆ ರಾತ್ರಿಯವರ ಗುಟ್ಟು ಗೊತ್ತಿಲ್ಲ. ಸಂಜೆ ಪಾಳಿ ಬದಲಾಗುವಾಗ ಹುಡುಗಿಯರೆಲ್ಲ ಗೇಟಿನ ಬಳಿ ನೆರೆದು ಕಿರುಚುತ್ತಾರೆ. ಅವರನ್ನು ತಡೆದು ನಿಲ್ಲಿಸುವ ಕೆಲಸ ಯೂಕಿ ಎಂಬ ಹುಡುಗಿಯದು ಮತ್ತು ಝೀರೋ ಎಂಬ ಮುಖ ಗಂಟಿಕ್ಕಿದ ಹುಡುಗನದು. ರಾತ್ರಿಯೆಲ್ಲ ಗಸ್ತು ತಿರುಗುವುದೂ ಇವರೇ. ಆದ್ದರಿಂದ ಹಗಲು ಪಾಠ ನಡೆಯುವಾಗ ಬೆಂಚಿನ ಮೇಲೆ ತಲೆಯಿಟ್ಟು ನಿದ್ದೆ ಹೊಡೆಯುತ್ತಾರೆ. ಯೂಕಿಯ ಸಾಕುತಂದೆಯೇ ಹೆಡ್‌ಮಾಸ್ಟರು. ಒಂದು ಕಾಲಕ್ಕೆ ರಕ್ತಪಿಪಾಸುಗಳನ್ನು ಬೇಟೆಯಾಡಿದ ಈ ಪುಣ್ಯಾತ್ಮ ಈಗ ಅವರ ಜೊತೆ ಸಹಬಾಳ್ವೆಯ ಕನಸು ಕಾಣುತ್ತ, ಏಪ್ರನ್ ಕಟ್ಟಿಕೊಂಡು ಅಡುಗೆ ಮಾಡುತ್ತ, ಮಗಳು ‘ಅಪ್ಪಾ’ ಅನ್ನಲಿಲ್ಲವೆಂದು ಕಣ್ಣೀರು ಹಾಕುತ್ತಿರುತ್ತಾನೆ.

ಸಹಬಾಳ್ವೆಗೆ ಒಂದು ಷರತ್ತಿದೆ: ಶಾಲೆಯೊಳಗೆ ಯಾರ ಕುತ್ತಿಗೆಗೂ ಬಾಯಿ ಹಾಕುವಂತಿಲ್ಲ. ಬದಲಿಗೆ ಮಾತ್ರೆ. ನೀರಿಗೆ ಹಾಕಿದರೆ ಕರಗಿ ಕೆಂಪಾಗುತ್ತದೆ. ಕೆಳಗೆ ಅಷ್ಟೊಂದು ಬಿಸಿರಕ್ತದ ಹುಡುಗಿಯರು ಓಡಾಡುತ್ತಿರುವಾಗ ಈ ರಾಜಕುಮಾರರು ಹೋಳಿಗೆಯ ಪಂಕ್ತಿಯಲ್ಲಿ ಕೂತ ಸಕ್ಕರೆ ಕಾಯಿಲೆಯವರಂತೆ ಸಂಯಮದಿಂದ ಲೋಟ ಎತ್ತುತ್ತಾರೆ. ನನಗೆ ಈ ಸರಣಿಯ ಮೇಲೆ ಅಕ್ಕರೆ ಹುಟ್ಟಿದ್ದು ಆ ಲೋಟದಿಂದ. ರಕ್ತ ಹೀರುವವರ ಕತೆ ಎಂದರೆ ಕಚ್ಚುವವರ ಕತೆ ಅಂದುಕೊಂಡಿದ್ದೆ. ಇದು ಕಚ್ಚದೆ ಇರುವವರ ಕತೆ.

ಇದನ್ನು ನನಗೆ ತೋರಿಸಿದವಳು ಅಕ್ಕನ ಮಗಳು, ಡಿಗ್ರಿ ಓದುವವಳು. ಲ್ಯಾಪ್‌ಟಾಪಿನ ಮುಂದೆ ಕೂತು ಸ್ವಲ್ಪ ಹೊತ್ತಿಗೇ ನಾನು, “ಇದು ಹ್ಯಾಂಗ್ ಆಗಿದೆ ಕಣೇ, ನೋಡು, ಯಾರೂ ಅಲ್ಲಾಡ್ತಿಲ್ಲ” ಎಂದೆ.

“ಹ್ಯಾಂಗೂ ಇಲ್ಲ, ಏನೂ ಇಲ್ಲ ಮಾವ. ಅವನು ಅವಳನ್ನ ನೋಡ್ತಿದಾನೆ. ನೀವು ಸುಮ್ನೆ ನೋಡಿ.”

ಹೌದು, ನೋಡುತ್ತಿದ್ದ. ಗಾಳಿಗೆ ಒಂದೆರಡು ಕೂದಲು ಅಲುಗಿದವು, ಗುಲಾಬಿಯ ಎಸಳು ತೆರೆಯ ಒಂದು ಮೂಲೆಯಿಂದ ಇನ್ನೊಂದಕ್ಕೆ ತೇಲಿತು, ಅಷ್ಟೇ. ಚಿತ್ರವನ್ನು ಹೀಗೆ ನಿಲ್ಲಿಸುವುದಕ್ಕೊಂದು ಇತಿಹಾಸವಿದೆ. 1963ರಲ್ಲಿ ಮಾಂಗಾಕಾರ ತೆಝುಕಾ ಒಸಾಮು ‘ತೆತ್ಸುವಾನ್ ಆತೊಮು’ ಸರಣಿಯನ್ನು ವಾರಕ್ಕೊಂದು ಕಂತಿನಂತೆ ಟೀವಿಗೆ ಕೊಡಲು ಹೊರಟಾಗ ದುಡ್ಡೂ ಇಲ್ಲ, ಪುರಸೊತ್ತೂ ಇಲ್ಲ. ಚಿತ್ರಗಳ ಸಂಖ್ಯೆ ಇಳಿಸಿದರು. ಮೈ ನಿಲ್ಲಿಸಿ ಬಾಯಿ ಮಾತ್ರ ಆಡಿಸಿದರು. ನಿಂತ ಚಿತ್ರದ ಮೇಲೆ ಕ್ಯಾಮೆರಾ ಸರಿಸಿದರು. ಬಡತನದಲ್ಲಿ ಕಲಿತ ಈ ಜಾಣತನವನ್ನು ಆಮೇಲೆ ಕಲೆಯಾಗಿ ಬೆಳೆಸಿದವರು ನಿರ್ದೇಶಕ ದೆಝಾಕಿ ಒಸಾಮು. ಎದೆ ಝಲ್ಲೆನ್ನುವ ಗಳಿಗೆಯಲ್ಲಿ ಓಟವನ್ನು ತಟ್ಟನೆ ನಿಲ್ಲಿಸಿ, ಆ ಒಂದು ಮುಖವನ್ನು ವರ್ಣಚಿತ್ರವಾಗಿಸಿಬಿಡುವುದು ಅವರ ವರಸೆ.

‘ವ್ಯಾಂಪೈರ್ ನೈಟ್’ ಅದೇ ಮನೆತನದ್ದು. ದೊಡ್ಡ ಬಜೆಟ್ಟಿನ ಥಳಕು ಇದರಲ್ಲಿಲ್ಲ. ಹೊಡೆದಾಟದ ದೃಶ್ಯಗಳಂತೂ ಸಪ್ಪೆ. ಆದರೆ ನಿಲ್ಲಿಸಿದ ಚಿತ್ರ ಇಲ್ಲಿ ಹೊಂದುವಷ್ಟು ಬೇರೆಲ್ಲೂ ಹೊಂದಲಾರದು. ಇವರಿಗೆ ವಯಸ್ಸು ನಿಂತಿದೆ, ಬಯಕೆಯನ್ನು ಇವರೇ ತಡೆದು ನಿಲ್ಲಿಸಿದ್ದಾರೆ. ಬೆರಳು ಕೆನ್ನೆಯ ಹತ್ತಿರ ಬಂದು ಮುಟ್ಟದೆ ನಿಂತಿರುವಾಗ ಚಿತ್ರ ಅಲುಗದಿದ್ದರೆ ಅದನ್ನು ಉಳಿತಾಯ ಎನ್ನಬೇಕೋ, ಅಭಿನಯ ಎನ್ನಬೇಕೋ ಹೇಳುವುದು ಕಷ್ಟ.

ಗುಲಾಬಿಗೂ ಹಿರಿಯರಿದ್ದಾರೆ. ಹುಡುಗಿಯರ ಮಾಂಗಾಕ್ಕೆ ಹೊಸ ದಾರಿ ತೆಗೆದವರಲ್ಲಿ ಮುಖ್ಯರಾದ ಹಾಗಿಯೊ ಮೋತೊ 1972ರಿಂದ 76ರವರೆಗೆ ‘ಪೋ ನೊ ಇಚಿಝೊಕು’ ಬರೆದರು. ಅದರ ಎಡ್ಗರ್ ಎಂದೆಂದಿಗೂ ಹದಿನಾಲ್ಕರ ಹುಡುಗ. ಅವನ ಕುಲದವರು ರಕ್ತವಿಲ್ಲದಾಗ ಗುಲಾಬಿಯ ಸಾರದಿಂದ ದಿನ ದೂಡುತ್ತಾರೆ, ಮುಟ್ಟಿದ ಗುಲಾಬಿ ಬಾಡುತ್ತದೆ. ಬೆಳೆಯದವರು ಒಂದೇ ಊರಲ್ಲಿ ಹೆಚ್ಚು ಕಾಲ ಇದ್ದರೆ ನೆರೆಮನೆಯವರಿಗೆ ಅನುಮಾನ ಬರುತ್ತದೆಯೆಂದು ಊರೂರು ಅಲೆಯುತ್ತಾರೆ. ಎಡ್ಗರ್ ಮತ್ತವನ ಗೆಳೆಯ ಆಲನ್ ಒಮ್ಮೆ ಜರ್ಮನಿಯ ವಸತಿಶಾಲೆಗೂ ಸೇರಿಕೊಳ್ಳುತ್ತಾರೆ. ಅಲ್ಲಿಂದ ಕ್ರಾಸ್ ಅಕಾಡೆಮಿಯ ಗೇಟಿಗೆ ಬಹಳ ದೂರವೇನಿಲ್ಲ. ಗಂಡಸರ ಪಾತ್ರವನ್ನೂ ಹೆಂಗಸರೇ ಮಾಡುವ ತಕರಾಝುಕಾ ನಾಟಕ ಕಂಪನಿ 2018ರಲ್ಲಿ ಎಡ್ಗರನ ಕತೆಯನ್ನು ರಂಗಕ್ಕೆ ತಂದಿತು. ಉಗುರು ಕೂಡ ಕೊಳೆಯಾಗದ, ಬೆವರೇ ಬಾರದ ಈ ಚೆಲುವರು ಹೆಣ್ಣಿನ ಕಲ್ಪನೆಯ ಗಂಡಸರು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಯುರೋಪಿನ ಹಳಬರಿಗೂ ಇವರಿಗೂ ನಿಯಮಗಳು ಬೇರೆ. 1897ರಲ್ಲಿ ಬ್ರ್ಯಾಮ್ ಸ್ಟೋಕರ್ ಬರೆದ ಡ್ರಾಕುಲಾ ಹಗಲಲ್ಲೂ ಅಡ್ಡಾಡುತ್ತಿದ್ದ. ಬಿಸಿಲು ತಾಗಿ ಸಾಯುವ ಪದ್ಧತಿಯನ್ನು ಶುರುಮಾಡಿದ್ದು 1922ರ ಜರ್ಮನ್ ಮೂಕಿಚಿತ್ರ ‘ನೊಸ್ಫೆರಾಟು’. ನಮ್ಮ ರಾತ್ರಿ ಪಾಳಿಯವರು ಬಿಸಿಲಿಗೆ ಸಾಯುವುದಿಲ್ಲ, ಮುಖ ಸಿಂಡರಿಸುತ್ತಾರೆ ಅಷ್ಟೆ. ಹಾಗಾಗಿ ಅಪಾಯ ಹೊರಗಿಲ್ಲ, ಪೂರ್ತಿ ಒಳಗಿದೆ.

ಆ ಒಳಗಿನ ಅಪಾಯಕ್ಕೆ ಹೆಸರು ಝೀರೋ. ಬೇಟೆಗಾರರ ಮನೆಯಲ್ಲಿ ಹುಟ್ಟಿದವನು. ಹಿಯೊ ಶಿಝುಕಾ ಎಂಬ ಶುದ್ಧ ಕುಲದ ರಕ್ತಪಿಪಾಸು ಅವನ ಅಪ್ಪ ಅಮ್ಮನನ್ನು ಕೊಂದು ಅವನನ್ನು ಕಚ್ಚಿಹೋಗಿದ್ದಾಳೆ. ಯಾರನ್ನು ದ್ವೇಷಿಸುತ್ತಾನೋ ಅವರಲ್ಲೇ ಒಬ್ಬನಾಗಿ ದಿನೇ ದಿನೇ ಬದಲಾಗುತ್ತಿದ್ದಾನೆ. ಮಾತ್ರೆ ಅವನಿಗೆ ದಕ್ಕುವುದಿಲ್ಲ. ಒಂದು ದಿನ ತಡೆಯಲಾರದೆ ಯೂಕಿಯ ಕುತ್ತಿಗೆಗೇ ಬಾಯಿ ಹಾಕುತ್ತಾನೆ. ಹಿನ್ನೆಲೆಯ ಸಂಗೀತ ತಗ್ಗಿ, ನುಂಗುವ ಸದ್ದು ಗುಟುಕು ಗುಟುಕಾಗಿ ಕೇಳುತ್ತದೆ. ಪಕ್ಕದ ಕೋಣೆಯಿಂದ ಅಕ್ಕ, “ಅದೇನ್ರೋ ಅದು, ಯಾರು ನೀರು ಕುಡೀತಿರೋದು?” ಎಂದು ಕೇಳಿದಳು.

ಆಮೇಲಿನದೇ ಮುಖ್ಯ. ತನ್ನ ಪಿಸ್ತೂಲನ್ನು ಅವಳ ಕೈಗಿಟ್ಟು, ನಾನು ಪೂರ್ತಿ ಕೆಟ್ಟುಹೋದಾಗ ನೀನೇ ನನ್ನನ್ನು ಮುಗಿಸು ಎನ್ನುತ್ತಾನೆ. ಅವಳು ಪಿಸ್ತೂಲಿನ ಬದಲು ಕುತ್ತಿಗೆಯನ್ನೇ ಮತ್ತೆ ಕೊಡುತ್ತಾಳೆ, ಗುಟ್ಟಾಗಿ. ಹೂವು, ಚಾಕೊಲೇಟು ಕೊಡುವವರು ಅದೇ ಶಾಲೆಯಲ್ಲಿ ಬೇಕಾದಷ್ಟಿದ್ದಾರೆ. ಅವರಿಗೆ ಎದುರಿನವನ ಮುಖ ಮಾತ್ರ ಗೊತ್ತು. ಯೂಕಿಗೆ ಅವನ ಹಸಿವು ಗೊತ್ತು. ಒಬ್ಬರ ಹಸಿವನ್ನು ನೋಡಿಯೂ ಹೆದರಿ ಓಡದಿರುವುದು, ತನ್ನ ಹಸಿವಿಗೆ ತಾನೇ ನಾಚುವುದು, ಇವೆರಡರ ನಡುವೆ ಏನು ಹುಟ್ಟುತ್ತದೋ ಅದನ್ನೇ ಈ ಸರಣಿ ಪ್ರೀತಿ ಎಂದು ಕರೆಯುತ್ತದೆ.

ಸಂಗೀತವೂ ಇದೇ ಜಾಡು ಹಿಡಿದಿದೆ. ಮೊದಲ ಭಾಗದ ಕೊನೆಯ ಹಾಡು ‘ಸ್ಟಿಲ್ ಡಾಲ್’, ಹಾಡಿದ್ದು ಇನ್ನೂ ಇಪ್ಪತ್ತು ತುಂಬದಿದ್ದ ವಾಕೆಶಿಮಾ ಕಾನೊನ್, ಚೆಲ್ಲೊ ನುಡಿಸಿಕೊಂಡೇ ಹಾಡುವ ಹುಡುಗಿ. ಪಿಸುಮಾತಿನ ದನಿ, ಅದರ ಕೆಳಗೆ ಮರದ ಹೊಟ್ಟೆಯಿಂದ ಬರುವ ನರಳಿಕೆ. ಶುರುವಿನ ಹಾಡನ್ನು ಹಾಡಿದವರು ಅವಳಿ ಅಣ್ಣತಮ್ಮಂದಿರ ‘ಆನ್ ಆಫ್’ ಜೋಡಿ. ಝೀರೋಗೂ ಒಬ್ಬ ಅವಳಿ ತಮ್ಮನಿದ್ದಾನೆ, ಅವನು ಕೊನೆಗೆ ಅಣ್ಣನಿಗೆ ತನ್ನ ಪ್ರಾಣವನ್ನೇ ಉಣಿಸುತ್ತಾನೆ.

ಯೂಕಿ, ಝೀರೋ ನಡುವಿನ ಮೂರನೆಯವನ ಸುದ್ದಿ ಹೇಳದಿದ್ದರೆ ಸೊಸೆ ಬಿಟ್ಟರೂ ಅವಳ ಗೆಳತಿಯರು ಬಿಡುವುದಿಲ್ಲ. ಕಾನಾಮೆ, ರಾತ್ರಿ ಪಾಳಿಯ ನಾಯಕ, ಶುದ್ಧ ಕುಲದವನು. ಹತ್ತು ವರ್ಷದ ಹಿಂದೆ ಹಿಮದ ರಾತ್ರಿ ಯೂಕಿಯನ್ನು ಕಾಪಾಡಿದವನು. ಅದಕ್ಕೂ ಹಿಂದಿನದು ಅವಳಿಗೆ ನೆನಪಿಲ್ಲ. ಅವನು ದನಿ ಏರಿಸುವವನಲ್ಲ. ಸಿಟ್ಟು ಬಂದರೆ ಕಿಟಕಿಯ ಗಾಜು ತಾನಾಗಿ ಒಡೆಯುತ್ತದೆ. ಗಾಜಿನ ಬಿಲ್ಲು ಹೆಡ್‌ಮಾಸ್ಟರಿಗೆ ಹೋಗುತ್ತದೆಂದು ಕಾಣುತ್ತದೆ. ಚದುರಂಗದ ಕಾಯಿ ನಡೆಸುವ ಹಾಗೆ ಇವನು ಮನುಷ್ಯರನ್ನು ನಡೆಸುತ್ತಾನೆ. ಎರಡನೆಯ ಭಾಗದಲ್ಲಿ ಗೊತ್ತಾಗುವುದೇನೆಂದರೆ, ಯೂಕಿ ಕೂಡ ಶುದ್ಧ ಕುಲದವಳೇ, ಮೇಲಾಗಿ ಇವನ ತಂಗಿ, ಹುಟ್ಟಿನಿಂದ ಇವನಿಗೇ ಎಂದು ನಿಶ್ಚಯವಾದವಳು. ಇಲ್ಲಿ ನನ್ನ ಹೊಟ್ಟೆಯಲ್ಲಿ ಕಸಿವಿಸಿಯಾಯಿತು. ಕುಲದ ಶುದ್ಧಿಯ ಹಟ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ತೋರಿಸಿದ್ದಾರೆ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಸರಣಿ ಅದನ್ನು ಪ್ರಶ್ನಿಸುವುದಕ್ಕಿಂತ ಹೆಚ್ಚಾಗಿ ಅದಕ್ಕೂ ಗುಲಾಬಿ ಉದುರಿಸುತ್ತದೆ. ಸೊಸೆಗೆ ಹೇಳಿದರೆ, “ಅದಕ್ಕೇ ಮಾವ ನಾನು ಝೀರೋ ಪಾರ್ಟಿ” ಎಂದು ಒಂದೇ ಮಾತಲ್ಲಿ ತೀರ್ಪು ಕೊಟ್ಟಳು.

ಅನಿಮೆ 2008ರ ಡಿಸೆಂಬರಿನಲ್ಲಿ ಮುಗಿಯಿತು, ಮಾಂಗಾ ಇನ್ನೂ ನಾಲ್ಕು ವರ್ಷಕ್ಕೂ ಹೆಚ್ಚು ಸಾಗಬೇಕಿತ್ತು. ಹಾಗಾಗಿ ತೆರೆಯ ಮೇಲೆ ಯಾವ ಮದುವೆಯೂ ಆಗುವುದಿಲ್ಲ. ಯೂಕಿ ಈಗ ಝೀರೋ ದ್ವೇಷಿಸುವ ಕುಲದವಳು. ಕಾನಾಮೆಯ ಜೊತೆ ಹೊರಟಿದ್ದಾಳೆ. ಮುಂದೆ ಸಿಕ್ಕಿದಾಗ ಕೊಲ್ಲುತ್ತೇನೆ ಎನ್ನುತ್ತಾನೆ ಝೀರೋ. ಹಾಗಾದರೆ ನಿನ್ನಿಂದ ತಪ್ಪಿಸಿಕೊಂಡು ಓಡುತ್ತಲೇ ಇರುತ್ತೇನೆ ಎನ್ನುತ್ತಾಳೆ ಅವಳು. ಬೆನ್ನಟ್ಟುವುದಕ್ಕಾದರೂ ಅವನು ಬದುಕಿರಲಿ ಎಂಬುದು ಅವಳ ಲೆಕ್ಕ. ಮತ್ತೆ ಸಿಗೋಣ ಎಂದು ಬಾಯಿಬಿಟ್ಟು ಹೇಳಲಾರದ ಇಬ್ಬರು ಅದನ್ನೇ ಕೊಲೆಬೆದರಿಕೆಯ ರೂಪದಲ್ಲಿ ಹೇಳಿಕೊಂಡು ಹೊರಟರು. ಕಚ್ಚುವುದನ್ನು ಬಿಟ್ಟವರು ಮಾತಲ್ಲಾದರೂ ಸ್ವಲ್ಪ ಹಲ್ಲು ತೋರಿಸಲಿ, ತಪ್ಪಿಲ್ಲ.